ಕಾಂಪೌಂಡ್ ಆಚೆಯ ಸೊಪ್ಪು

ನಮ್ಮ ಅಪಾರ್ಟ್‌ಮೆಂಟಿನ ಒಳಗೆ ಹುಲ್ಲಿನ ಮೇಲೆ ಕಾಲಿಟ್ಟರೆ ಸೆಕ್ಯೂರಿಟಿಯವರು ವಿಸಿಲ್ ಊದುತ್ತಾರೆ. ಗೋಡೆ ದಾಟಿ ಹತ್ತು ಹೆಜ್ಜೆ ಹಾಕಿದರೆ ಕೇಳುವವರೇ ಇಲ್ಲ. ಒಡೆದ ಟೈಲ್ಸು, ಹರಿದ ಹಾಸಿಗೆ, ಎಳನೀರು ಬುರುಡೆ, ಯಾರದೋ ಮನೆಯ ಹಳೇ ಕಮೋಡು. ನಡುವೆ ದೇವರ ಫೋಟೋಗಳು. ದೇವರನ್ನು ಮಾತ್ರ ಯಾರೂ ಎಸೆಯುವುದಿಲ್ಲ, ಮರದ ಬುಡಕ್ಕೆ ನೆಟ್ಟಗೆ ಒರಗಿಸಿ ಹೋಗುತ್ತಾರೆ. ಬೆಂಗಳೂರಿನಲ್ಲಿ ಇರುವವರಿಗೆ ಈ ಜಾಗದ ಗುರುತು ಹೇಳಬೇಕಾಗಿಲ್ಲ. ಪ್ರತಿ ಬಡಾವಣೆಗೂ ಇಂಥದ್ದೊಂದು ಇದೆ.

ನಮ್ಮದು ಕನಕಪುರ ರಸ್ತೆಯ ಕಡೆ. ಒಂದು ಬದಿಗೆ ನಮ್ಮ ಕಾಂಪೌಂಡ್, ಇನ್ನೊಂದು ಬದಿಗೆ ರಾಜಕಾಲುವೆ, ಮೂರನೆಯ ಬದಿಗೆ ಟ್ರಾನ್ಸ್‌ಫಾರ್ಮರ್ ಇರುವ ರಸ್ತೆ. ನಡುವೆ ಮೂರು ಮೂಲೆಯ ಒಂದು ತುಂಡು ಜಾಗ. ಇದು ಯಾರದು ಅಂತ ಕೇಳಿಕೊಂಡು ಹೋದರೆ ಒಂದು ಕಚೇರಿಯವರು ಇನ್ನೊಂದು ಕಚೇರಿ ಕಡೆ ಕೈ ತೋರಿಸಿದರು, ಅವರು ಮೂರನೆಯದರ ಕಡೆ. ಬಿಲ್ಡರ್ ಪಾರ್ಕಿಗೆ ಅಂತ ಬಿಟ್ಟುಕೊಟ್ಟ ಜಾಗ ಅಂತ ಒಬ್ಬರು. ಸಿಎ ಸೈಟು, ಅಂದರೆ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ ಅಂತ ಇನ್ನೊಬ್ಬರು. ಅಲ್ಲ, ಅದು ಕಾಲುವೆಯ ಬಫರ್, ಏನೂ ಕಟ್ಟದೆ ಬಿಡಬೇಕಾದ ಅಂಚು ಅಂತ ಮತ್ತೊಬ್ಬರು. ಕಸ ಸುರಿಯುವವರಿಗೆ ಈ ಗೊಂದಲವೇನೂ ಇರಲಿಲ್ಲ ಬಿಡಿ.

ಈಗ ಅಲ್ಲಿ ದಂಟು, ಪುಂಡಿ, ಬಸಳೆ, ಕರಿಬೇವು, ನುಗ್ಗೆ ಇವೆ. ಹೇಗೆ ಮಾಡಿದಿರಿ, ಯಾರ ಪರ್ಮಿಶನ್ ತೆಗೆದುಕೊಂಡಿರಿ, ಮಣ್ಣು ಎಲ್ಲಿಂದ ತಂದಿರಿ ಅಂತ ಬೇರೆ ಅಪಾರ್ಟ್‌ಮೆಂಟಿನವರು ಕೇಳುತ್ತಿರುತ್ತಾರೆ. ಅದನ್ನೆಲ್ಲ ಹೇಳುತ್ತೇನೆ. ಆದರೆ ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಬೆಳೆದದ್ದನ್ನು ಕೀಳುವವರು ಯಾರು? ನನ್ನ ಪ್ರಕಾರ ಇಂಥ ತೋಟ ಉಳಿಯುವುದೋ ಹಾಳಾಗುವುದೋ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ.

ಮೊದಲು, ಗೋಡೆ ದಾಟಿ ಹೋಗಬೇಕಾಗಿ ಬಂದದ್ದಾದರೂ ಯಾಕೆ? ಬೆಂಗಳೂರಿನಲ್ಲಿ ತರಕಾರಿ ಬೆಳೆಯುವ ಹುಚ್ಚು ಹೊಸದಲ್ಲ. ತಾರಸಿ ತೋಟ ಅಂದರೆ ಡಾ. ಬಿ.ಎನ್. ವಿಶ್ವನಾಥ್ ಹೆಸರು ನೆನಪಾಗುತ್ತದೆ. ರಾಸಾಯನಿಕ ಇಲ್ಲದೆ ತಾರಸಿಯಲ್ಲಿ ತರಕಾರಿ ಬೆಳೆಯುವುದನ್ನು ಅವರು ಎಷ್ಟೋ ಜನರಿಗೆ ಕಲಿಸಿದರು. 2011ರಲ್ಲಿ ಶುರುವಾದ 'ಊಟ ಫ್ರಮ್ ಯುವರ್ ತೋಟ' ಮೇಳದಲ್ಲಿ ಬೀಜ, ಸಸಿ, ಗೊಬ್ಬರ ಎಲ್ಲ ಒಂದೇ ಕಡೆ ಸಿಗುತ್ತಿದ್ದವು. ಆದರೆ ಇದೆಲ್ಲ ಸ್ವಂತ ತಾರಸಿ ಇರುವವರ ಮಾತು. ಅಪಾರ್ಟ್‌ಮೆಂಟಿನ ತಾರಸಿ ಎಲ್ಲರದು, ಅಂದರೆ ಅಲ್ಲಿ ಯಾರೂ ಏನೂ ಇಡುವ ಹಾಗಿಲ್ಲ. ಸೋಲಾರ್ ಇದೆ, ನೀರಿನ ಟ್ಯಾಂಕ್ ಇದೆ. ಒಂದು ಕುಂಡ ಇಟ್ಟರೂ ಮೇಲಿನ ಮಹಡಿಯವರು ವಾಟರ್‌ಪ್ರೂಫಿಂಗ್ ಹಾಳಾಗುತ್ತದೆ ಅಂತ ಗಲಾಟೆ ಮಾಡುತ್ತಾರೆ. ಅವರದೂ ತಪ್ಪಲ್ಲ, ಮಳೆಗಾಲದಲ್ಲಿ ಸೋರುವುದು ಅವರ ಮನೆಯೇ. ಬಾಲ್ಕನಿಗೆ ಬಿಸಿಲು ಬರುವುದು ದಿನಕ್ಕೆ ಎರಡು ತಾಸು. ಹಾಗಾಗಿ ನೆಲ ಬೇಕಿದ್ದವರಿಗೆ ಸಿಕ್ಕಿದ್ದು ಗೋಡೆ ಆಚೆಯ ನೆಲ.

ಅದನ್ನು ನೆಲ ಅನ್ನುವುದೂ ಕಷ್ಟ. ಮೇಲಿನ ಕಸ ಎತ್ತಿಸಿದ ಮೇಲೆ ಗುದ್ದಲಿ ಹಾಕಿದರೆ ಠಣ್ ಅನ್ನುತ್ತಿತ್ತು. ಅದು ಮಣ್ಣಲ್ಲ, ಕಟ್ಟಡ ಒಡೆದ ಡೆಬ್ರಿ. ಸಿಮೆಂಟು, ಗಾರೆ, ಟೈಲ್ಸಿನ ಚೂರು. ಸಿಮೆಂಟಿನಲ್ಲಿ ಸುಣ್ಣದಂಶ ಇರುವುದರಿಂದ ಅಂಥ ನೆಲ ಕ್ಷಾರವಾಗಿಬಿಡುತ್ತದೆ. ಅಲ್ಲಿ ಬರುವುದು ಎಕ್ಕ, ಉಮ್ಮತ್ತಿ, ಹರಳು, ಆಮೇಲೆ ನಮ್ಮ ಕಾಂಗ್ರೆಸ್ ಗಿಡ. ಜೊತೆಗೆ ರಾಜಕಾಲುವೆಯ ಹೂಳು ಬೇರೆ. ಮಳೆಗಾಲಕ್ಕೆ ಮುಂಚೆ ಕಾಲುವೆಯಿಂದ ಎತ್ತಿದ ಕಪ್ಪು ಹೂಳನ್ನು ದಡದಲ್ಲೇ ಗುಡ್ಡೆ ಹಾಕಿ ಹೋಗುವುದು ವಾಡಿಕೆ. ನೋಡಿದರೆ ಫಲವತ್ತಾದ ಗೋಡಿನ ಹಾಗೇ ಇರುತ್ತದೆ, ಬೀಜ ಹಾಕಿದರೆ ಸೊಂಪಾಗಿ ಬರುತ್ತದೆ ಕೂಡ. ಆದರೆ ಅದರಲ್ಲಿ ಗ್ಯಾರೇಜಿನ ಎಣ್ಣೆಯಿಂದ ಹಿಡಿದು ಸಣ್ಣ ಕಾರ್ಖಾನೆಗಳ ನೀರಿನವರೆಗೆ ಎಲ್ಲ ಸೇರಿರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮಣ್ಣಿನಲ್ಲಿದ್ದರೆ ಹಣ್ಣು, ಕಾಯಿಗಿಂತ ಸೊಪ್ಪಿನಲ್ಲೇ ಜಾಸ್ತಿ ಸೇರುತ್ತವೆ. ಇದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ತಿನ್ನುವ ಗಿಡವನ್ನು ನೇರ ಆ ನೆಲಕ್ಕೆ ಹಾಕಬಾರದು. ನಾವು ಇಟ್ಟಿಗೆ ಕಟ್ಟಿ ಮೊಣಕಾಲೆತ್ತರದ ಪಾತಿ ಮಾಡಿದೆವು. ತಳಕ್ಕೆ ಒಣಗಿದ ಕೊಂಬೆ, ತೆಂಗಿನ ಸಿಪ್ಪೆ, ಮೇಲೆ ಹೊರಗಿನಿಂದ ತರಿಸಿದ ಕೆಂಪು ಮಣ್ಣು, ಗೊಬ್ಬರ. ಕಾಲುವೆಯ ಅಂಚಿಗೆ ಹೊಂಗೆ, ಬೇವು, ಲಾವಂಚ. ಲಾವಂಚದ ಬೇರು ಆಳಕ್ಕೆ ಇಳಿದು ದಡದ ಮಣ್ಣು ಹಿಡಿದುಕೊಳ್ಳುತ್ತದೆ.

ಗೊಬ್ಬರದ ಕಥೆ ಸ್ವಲ್ಪ ಹಿಂದಿನದು. ಈ ಊರಿನ ಕಸವೆಲ್ಲ ಲಾರಿ ಹತ್ತಿ ಮಂಡೂರಿಗೆ ಹೋಗುತ್ತಿದ್ದ ಕಾಲವಿತ್ತು. ಅಲ್ಲಿನ ಜನ ನಮ್ಮೂರು ನಿಮ್ಮ ತಿಪ್ಪೆಯಲ್ಲ ಅಂತ ಲಾರಿ ತಡೆದರು. ಕೊನೆಗೆ 2014ರ ಅಂತ್ಯಕ್ಕೆ ಅಲ್ಲಿ ಸುರಿಯುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲ ಅಂತ ಕಸ ಬೇರೆ ಮಾಡುವ ಪದ್ಧತಿಯನ್ನೇ ಕಡ್ಡಾಯ ಮಾಡಿತು. ದೊಡ್ಡ ಅಪಾರ್ಟ್‌ಮೆಂಟ್‌ಗಳು ತಮ್ಮ ಹಸಿ ಕಸವನ್ನು ತಾವೇ ಗೊಬ್ಬರ ಮಾಡಿಕೊಳ್ಳಬೇಕಾಯಿತು. ಮೆಷೀನುಗಳು ಬಂದವು. ಗೊಬ್ಬರವೂ ಬಂತು. ಅದನ್ನು ಏನು ಮಾಡುವುದು ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ! ನಮ್ಮ ಬೇಸ್‌ಮೆಂಟಿನಲ್ಲಿ ಮೂಟೆ ಮೂಟೆ ಗೊಬ್ಬರ ಬಿದ್ದಿತ್ತು, ನುಸಿ ಏಳುತ್ತಿತ್ತು. ಒಳಗಿನ ಲ್ಯಾಂಡ್‌ಸ್ಕೇಪ್ ನೋಡಿಕೊಳ್ಳುವ ಕಂಟ್ರಾಕ್ಟರ್ ಅದನ್ನು ಮುಟ್ಟಲೂ ಒಪ್ಪಲಿಲ್ಲ, ಯೂರಿಯಾ ಚೀಲವೇ ಅವರಿಗೆ ಸಲೀಸು. ನಿಜ ಹೇಳಬೇಕೆಂದರೆ ನಮ್ಮ ಸಂಘ ತೋಟಕ್ಕೆ ಹೂಂ ಅಂದದ್ದು ಹಸಿರಿನ ಮೇಲಿನ ಪ್ರೀತಿಗಲ್ಲ. ಬೇಸ್‌ಮೆಂಟ್ ಖಾಲಿಯಾದರೆ ಸಾಕಿತ್ತು.

ಮೆಷೀನಿನಿಂದ ಬಂದದ್ದನ್ನು ಹಾಗೇ ಗಿಡಕ್ಕೆ ಹಾಕಬಾರದು. ಮೆಷೀನು ಕಸವನ್ನು ಪುಡಿ ಮಾಡುತ್ತದೆ, ಕೊಳೆಸುವುದು ನಿಧಾನದ ಕೆಲಸ. ಹುಳಿ ವಾಸನೆ ಬರುತ್ತಿದ್ದರೆ, ಕೈಗೆ ಬಿಸಿ ತಾಗುತ್ತಿದ್ದರೆ ಅದಿನ್ನೂ ಗೊಬ್ಬರವಾಗಿಲ್ಲ ಅಂತ ಅರ್ಥ. ಒಣ ಎಲೆ ಬೆರೆಸಿ ಒಂದೆರಡು ತಿಂಗಳು ಬಿಟ್ಟರೆ ಮಳೆ ಬಿದ್ದ ನೆಲದ ವಾಸನೆ ಬರುತ್ತದೆ. ಆಗ ಹಾಕಬೇಕು. ಒಣ ಎಲೆಗೆ ಈ ಊರಿನಲ್ಲಿ ಬರವಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಊರ ತುಂಬ ಲಕ್ಷಗಟ್ಟಲೆ ಮರ ನೆಡಿಸಿದರು. ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆ ತುಂಬ ಎಲೆ. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಇಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಳೆಮರದ ಎಲೆ ಸಣ್ಣದು, ಬೇಗ ಕರಗುತ್ತದೆ. ಬಾದಾಮಿ ಮರದ ದಪ್ಪ ಎಲೆಯನ್ನು ಕೈಯಲ್ಲಿ ಮುರಿದು ಹಾಕದಿದ್ದರೆ ವರ್ಷ ಕಳೆದರೂ ಹಾಗೇ ಇರುತ್ತದೆ. ತಂತಿಬಲೆಯ ಒಂದು ದೊಡ್ಡ ಬುಟ್ಟಿ ಮಾಡಿಸಿ ನಿಲ್ಲಿಸಿ, ಎಲೆ ತುಂಬಿಸಿ, ನೀರು ಚಿಮುಕಿಸಿ. ಅಷ್ಟೇ. ಅದಕ್ಕೊಂದು ಕೋರ್ಸ್ ಮಾಡುವ ಅಗತ್ಯವಿಲ್ಲ.

ನೀರಿನ ವಿಷಯಕ್ಕೆ ಬಂದರೆ, 2024ರ ಬೇಸಿಗೆ ಎಲ್ಲರಿಗೂ ನೆನಪಿರಬೇಕು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ, ಕಾರಿಗೆ ಬಳಸಬಾರದು ಅಂತ ಆದೇಶ ಹೊರಡಿಸಿತು. ಬಳಸಿದರೆ 5,000 ರೂಪಾಯಿ ದಂಡ. ಟ್ಯಾಂಕರ್ ನೀರಿಗೇ ಪರದಾಟ ಇರುವಾಗ ಗೋಡೆ ಆಚೆಯ ಸೊಪ್ಪಿಗೆ ನೀರು ಅಂದರೆ ಯಾರು ಕೇಳುತ್ತಾರೆ? ಆಗ ಉಳಿಸಿದ್ದು ಎಸ್‌ಟಿಪಿ ನೀರು, ಅಂದರೆ ಅಪಾರ್ಟ್‌ಮೆಂಟಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದ ನೀರು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಸಂಸ್ಕರಿಸಿದ ನೀರು ಫ್ಲಶ್‌ಗೆ ಬಳಸಿ ಮಿಕ್ಕು ಹರಿದುಹೋಗುತ್ತಿರುತ್ತದೆ. ಮರಕ್ಕೆ, ಹೂವಿಗೆ ಧಾರಾಳವಾಗಿ ಹಾಕಬಹುದು. ಬೆಂಡೆ, ಬದನೆಗೆ ಎಲೆಗೆ ಸೋಕದಂತೆ ಬುಡಕ್ಕೆ ಹಾಕುತ್ತೇವೆ. ಸೊಪ್ಪಿಗೆ ಹಾಕುವುದಿಲ್ಲ. ಕೊತ್ತಂಬರಿ, ಪುದೀನ ಹಸಿಯಾಗಿ ತಿನ್ನುವಂಥವು, ಅವಕ್ಕಂತೂ ಬೇಡವೇ ಬೇಡ. ಸೊಪ್ಪಿನ ಪಾತಿಗೆ ಮನೆಗಳಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಬಕೆಟ್‌ನಲ್ಲಿ ಇಳಿದು ಬರುತ್ತದೆ. ಕೆಲವರು ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನೂ ತಂದು ಸುರಿಯುತ್ತಾರೆ. ಬೋರ್‌ವೆಲ್ ನೀರಿನ ಏರಿಯಾದಲ್ಲಿ ಅದು ಉಪ್ಪಿನ ನೀರೇ. ದಿನಾ ಹಾಕಿದರೆ ಎಲೆಯ ಅಂಚು ಸುಡುತ್ತದೆ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಇನ್ನು ಜನ. ಶುರುವಿನ ಭಾನುವಾರಗಳಲ್ಲಿ ಜಾತ್ರೆ. ಹೊಸ ಗ್ಲೌಸು, ಹೊಸ ಟೋಪಿ, ಫೋಟೋ. ಆಮೇಲೆ ಜನ ಕರಗುತ್ತಾರೆ, ಅದು ಎಲ್ಲ ಕಡೆಯೂ ಅಷ್ಟೇ, ಬೇಜಾರು ಮಾಡಿಕೊಳ್ಳುವಂಥದ್ದೇನಲ್ಲ. ಉಳಿದುಕೊಳ್ಳುವವರು ಯಾರು ಅನ್ನುವುದೇ ತಮಾಷೆ. ಮಗನ ಮನೆಗೆ ಬಂದು ಹದಿನಾಲ್ಕನೇ ಮಹಡಿಯಲ್ಲಿ ಟಿವಿ ನೋಡುತ್ತ ಕೂತಿದ್ದ ಮಂಡ್ಯದ ಯಜಮಾನರೊಬ್ಬರು ಒಂದು ದಿನ ಬಗ್ಗಿ ನೋಡಿ, ಸಹಿಸಲಾಗದೆ ಇಳಿದು ಬಂದರು. ಐಟಿ ಹುಡುಗನ ಕೈಯಿಂದ ಗುದ್ದಲಿ ಇಸ್ಕೊಂಡು, "ಹಂಗ್ ಹಿಡೀಬ್ಯಾಡ ಕಣಪ್ಪ, ಸೊಂಟ ಹೋಯ್ತದೆ" ಅಂದರು. ಅವತ್ತಿನಿಂದ ಅವರೇ ಮೇಸ್ತ್ರಿ. ಅವರ ಸೊಸೆ ನನ್ನ ಹತ್ತಿರ ಬಂದು, "ಆಂಟಿ, ಮಾವನವರ ಶುಗರ್ ಕಮ್ಮಿ ಆಗಿದೆ" ಅಂದಳು. ತೋಟದಿಂದಲೇ ಕಮ್ಮಿ ಆಯ್ತು ಅಂತ ನಾನು ಹೇಳಲಾರೆ, ಮನೆಯಲ್ಲಿ ಜಗಳ ಕಮ್ಮಿ ಆಗಿದ್ದು ಮಾತ್ರ ಖಂಡಿತ.

ಇನ್ನೊಬ್ಬರು ಎದುರಿನ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಯಾದಗಿರಿ ಕಡೆಯ ಹೆಣ್ಣುಮಗಳು. ಈ ಊರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳನ್ನು ಕಟ್ಟಿದ್ದು ಕಲಬುರಗಿ, ರಾಯಚೂರು, ಯಾದಗಿರಿಯಿಂದ ಬಂದ ಇಂಥ ಕುಟುಂಬಗಳೇ. ಅಲ್ಲಿ ಮಳೆ ಕೈಕೊಟ್ಟ ವರ್ಷ ಇಲ್ಲಿಗೆ ಬರುತ್ತಾರೆ. ಆಕೆ ಕೆಲವು ದಿನ ದೂರ ನಿಂತು ನೋಡಿ, ಆಮೇಲೆ ಕೇಳಿದಳು. "ಇಷ್ಟ್ ಜಾಗದಾಗ ಬರೇ ಹೂವ ಯಾಕ್ ಹಚ್ಚೀರಿ ಅಕ್ಕೋರೆ? ಪುಂಡಿ ಹಚ್ರಿ. ತಿನ್ಲಾಕ ಬರ್ತದ." ಊರಿನಿಂದ ಬೀಜ ತರಿಸಿಕೊಟ್ಟದ್ದೂ ಆಕೆಯೇ. ನಮ್ಮ ಕಡೆಯವರಿಗೆ ಪುಂಡಿ ಅಷ್ಟು ಪರಿಚಯವಿಲ್ಲ, ಆಂಧ್ರದ ಗೋಂಗುರ ಅಂದರೆ ಗೊತ್ತಾಗುತ್ತದೆ. ಜೋಳದ ನುಚ್ಚು ಹಾಕಿ ಹುಳಿಹುಳಿಯಾಗಿ ಮಾಡುವ ಪುಂಡಿಪಲ್ಯ ಈಗ ನಮ್ಮ ಬಿ ಬ್ಲಾಕಿನ ಮೂರ್ನಾಲ್ಕು ಮನೆಗಳಲ್ಲಿ ಆಗುತ್ತದೆ. ವಾರದ ದಿನಗಳಲ್ಲಿ ತೋಟಕ್ಕೆ ನೀರು ಹಾಕುವುದು ಬಹುಪಾಲು ಆಕೆ. ಸಂಘದಿಂದ ತಿಂಗಳಿಗೆ ಇಷ್ಟು ಅಂತ ಕೊಡಿಸುವ ಹೊತ್ತಿಗೆ ನನಗೆ ಸಾಕುಸಾಕಾಯಿತು. "ಇದು ವಾಲಂಟಿಯರ್ ಕೆಲಸ ಅಲ್ವಾ ಮೇಡಂ?" ಅಂದರು ಒಬ್ಬರು. ನಾವು ಭಾನುವಾರ ಮಾಡಿದರೆ ವಾಲಂಟಿಯರ್ ಸ್ವಾಮಿ. ಕೂಲಿಯಿಂದ ಬದುಕುವವರು ದಿನಾ ಬೆಳಗ್ಗೆ ಮಾಡಿದರೆ ಅದು ಕೂಲಿ.

ಸರಿ, ಕೀಳುವವರ ವಿಷಯ. ಮೊದಲನೇ ಬಾಳೆಗೊನೆ ಬಲಿಯುವ ಹೊತ್ತಿಗೆ ಮಾಯವಾಯಿತು. ಆಮೇಲೆ ಹೂಕೋಸು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವತ್ತು ನಡೆದ ಚರ್ಚೆ ನೋಡಿದ್ದರೆ ಬ್ಯಾಂಕ್ ದರೋಡೆ ಆಗಿದೆ ಅಂದುಕೊಳ್ಳುತ್ತಿದ್ದಿರಿ. ಸಿಸಿ ಕ್ಯಾಮೆರಾ ಹಾಕಿ, ಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ. ಬೆಳೆದದ್ದನ್ನು ಫ್ಲಾಟಿನ ಚದರಡಿ ಲೆಕ್ಕದಲ್ಲಿ ಹಂಚಿ ಅಂದವರೂ ಇದ್ದರು, ಮೇಂಟೆನೆನ್ಸ್ ಹಾಗೇ ತಾನೆ ಕಟ್ಟುವುದು! ನನ್ನ ವಾದ ಇಷ್ಟೇ ಇತ್ತು. ಜಾಗ ನಮ್ಮದಲ್ಲ. ಸಾರ್ವಜನಿಕ ಜಾಗದಲ್ಲಿ ಬೆಳೆದದ್ದನ್ನು ಸಾರ್ವಜನಿಕರು ಕಿತ್ತರೆ ಅದಕ್ಕೆ ಕಳ್ಳತನ ಅನ್ನಲು ಬಾಯಿ ಬರುವುದಾದರೂ ಹೇಗೆ?

ಬೆಂಗಳೂರು ನುಂಗಿದ ಹಳ್ಳಿಗಳಲ್ಲಿ ಗುಂಡುತೋಪುಗಳಿದ್ದವು. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ. ದಾರಿಹೋಕರು ನೆರಳಿಗೆ ಕೂರುತ್ತಿದ್ದರು, ದನಗಾಹಿ ಹುಡುಗರು ಹಣ್ಣು ಉದುರಿಸುತ್ತಿದ್ದರು, ಊರ ಹಬ್ಬಗಳೂ ಅಲ್ಲೇ ನಡೆಯುತ್ತಿದ್ದವು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಸೀಮಾ ಮುಂಡೋಳಿ, ಹರಿಣಿ ನಾಗೇಂದ್ರ ಮತ್ತು ಅವರ ಜೊತೆಯವರು ಊರಂಚಿನ ಇಂಥ ತೋಪುಗಳನ್ನು ಹುಡುಕಿಕೊಂಡು ಹೋಗಿ ಬರೆದಿದ್ದಾರೆ. ಎಷ್ಟೋ ಕಡೆ ತೋಪು ಉಳಿದಿರುವುದು ಕಂದಾಯದ ಕಾಗದದಲ್ಲಿ ಮಾತ್ರ. ಕೆರೆಗಳ ಕಥೆಯೂ ಅದೇ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಆ ಕೆರೆಯ ನೀರಿನಲ್ಲಿ ತೋಟ ಮಾಡಿಕೊಂಡಿದ್ದ ತಿಗಳರ ಕರಗ ಇವತ್ತಿಗೂ ಅಲ್ಲಿಗೆ ಸಂಬಂಧ ಬಿಟ್ಟುಕೊಟ್ಟಿಲ್ಲ. ಗುಂಡುತೋಪಿಗೆ ಬೇಲಿ ಇರಲಿಲ್ಲ. ನಮ್ಮ ಮೂರು ಮೂಲೆಗೆ ಯಾಕೆ ಬೇಕು?

ವಾದದಿಂದ ಯಾರೂ ಬದಲಾಗಲಿಲ್ಲ. ಬದಲಾದದ್ದು ಗಿಡಗಳ ಪಟ್ಟಿ. ಒಂದೇ ಸಲ ಕೊಯ್ಯುವಂಥದ್ದು, ಕಳೆದುಹೋದರೆ ಹೊಟ್ಟೆ ಉರಿಯುವಂಥದ್ದು, ಇವನ್ನು ಹಾಕುವುದನ್ನೇ ಬಿಟ್ಟೆವು. ಕೋಸು ಬೇಡ, ಹೂಕೋಸು ಬೇಡ. ಕಿತ್ತಷ್ಟೂ ಚಿಗುರುವುದು ಇರಲಿ. ನುಗ್ಗೆ, ಕರಿಬೇವು, ಬಸಳೆ, ದೊಡ್ಡಪತ್ರೆ, ಹೊನಗೊನೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನುವ ದಂಟಿನ ತಳಿ ಇದಕ್ಕೆ ಹೇಳಿ ಮಾಡಿಸಿದ್ದು. ಬಿತ್ತಿದ ತಿಂಗಳೊಳಗೆ ಮೊದಲ ಕೊಯ್ಲು, ಆಮೇಲೆ ಚಿವುಟುತ್ತ ಹೋಗಬಹುದು. ಬೆಳಗ್ಗೆ ಐದೂವರೆಗೆ ಪ್ಲಾಸ್ಟಿಕ್ ಕವರು, ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು ಕಂಡವರ ಕಾಂಪೌಂಡಿನ ಹೂ ಕೀಳುವ ವಾಕಿಂಗ್ ಹಿರಿಯರು ಗೊತ್ತಲ್ಲ? ಅವರಿಗಂತಲೇ ರಸ್ತೆ ಬದಿಗೆ ನಂದಿಬಟ್ಟಲು, ದಾಸವಾಳ, ಕಣಗಿಲೆ ಸಾಲಾಗಿ ಹಾಕಿದೆವು. ಈಗ ಅಲ್ಲಿ ಕಸ ಎಸೆಯಲು ಬಂದವರನ್ನು ಬೈದು ಓಡಿಸುವವರು ಅವರೇ. ಪೂಜೆಯ ಹೂವಿನ ಪಕ್ಕ ಯಾರಾದರೂ ಕೋಳಿ ಪುಕ್ಕ ಹಾಕಿಬಿಟ್ಟಾರು ಅನ್ನುವ ಭಯಕ್ಕೆ ಸರಿಸಾಟಿಯಾದ ಸಿಸಿ ಕ್ಯಾಮೆರಾ ಇಲ್ಲ.

ಬೋರ್ಡಿನ ವಿಷಯಕ್ಕೂ ಸಾಕಷ್ಟು ಜಗ್ಗಾಟ ಆಯಿತು. 'ಕೀಳಬೇಡಿ' ಅಂತ ಬರೆಸೋಣ ಅಂತ ಸಂಘ. ನಮ್ಮ ಪಾರ್ಕುಗಳಲ್ಲೆಲ್ಲ ಅದೇ ತಾನೆ? ಹೂ ಕೀಳಬೇಡಿ, ಹುಲ್ಲು ತುಳಿಯಬೇಡಿ, ಮಲಗಬೇಡಿ. ಎಷ್ಟೋ ಪಾರ್ಕುಗಳಿಗೆ ಇತ್ತೀಚಿನವರೆಗೂ ಮಟಮಟ ಮಧ್ಯಾಹ್ನ ಬೀಗ ಬೀಳುತ್ತಿತ್ತು, ಡೆಲಿವರಿ ಹುಡುಗರಿಗೋ ಪೌರಕಾರ್ಮಿಕರಿಗೋ ನೆರಳು ಬೇಕಾಗುವ ಹೊತ್ತಿಗೇ. ಇಂಗ್ಲೆಂಡಿನ ಟಾಡ್‌ಮೋರ್ಡನ್ ಅನ್ನುವ ಸಣ್ಣ ಊರಿನಲ್ಲಿ 2008ರಿಂದ ಜನ ಪೊಲೀಸ್ ಸ್ಟೇಷನ್ ಮುಂದೆ, ರೈಲು ನಿಲ್ದಾಣದಲ್ಲಿ, ಹೀಗೆ ಎಲ್ಲೆಂದರಲ್ಲಿ ತರಕಾರಿ ಬೆಳೆಯುತ್ತಾರೆ. ಯಾರು ಬೇಕಾದರೂ ಕಿತ್ತುಕೊಳ್ಳಬಹುದು. ಅದನ್ನು ಹೇಳಿದರೆ, "ಅದು ಇಂಗ್ಲೆಂಡು ಮೇಡಂ" ಅಂದರು. ಕಡೆಗೆ ಮಂಡ್ಯದ ಯಜಮಾನರೇ ಬರೆಸಿದರು: 'ಸೊಪ್ಪು ಬೇಕಾದವರು ಚಿವುಟಿಕೊಳ್ಳಿ. ಬುಡ ಕೀಳಬೇಡಿ.' ಎಲ್ಲರೂ ಪಾಲಿಸುತ್ತಾರೆ ಅಂತಲ್ಲ. ಆದರೆ ಬುಡಸಮೇತ ಕೀಳುವುದು ತುಂಬ ಕಮ್ಮಿಯಾಗಿದೆ. ಗಾಡಿ ಅಂಗಡಿಯವರು ಕರಿಬೇವು ಒಯ್ಯುತ್ತಾರೆ, ಕಸದ ಗಾಡಿಯ ಹೆಂಗಸರು ನುಗ್ಗೆಸೊಪ್ಪು ಒಯ್ಯುತ್ತಾರೆ. ನಮ್ಮ ಫ್ಲಾಟಿನವರು ಒಯ್ಯುವುದು ಇವರೆಲ್ಲರಿಗಿಂತ ಕಮ್ಮಿ. ಆ್ಯಪ್‌ನಲ್ಲಿ ಹತ್ತು ನಿಮಿಷಕ್ಕೆ ಸೊಪ್ಪು ಬರುವಾಗ ಕೆಳಗಿಳಿದು ಬರುವವರು ಎಷ್ಟು ಜನ?

ಹಾವಿನ ಭಯ ಒಂದಿತ್ತು. ಬಂದದ್ದು ಕೇರೆ ಹಾವು, ಇಲಿ ತಿಂದುಕೊಂಡು ತನ್ನ ಪಾಡಿಗೆ ಇದೆ.

ನನ್ನನ್ನು ಈಗ ಕಾಡುತ್ತಿರುವುದು ಬೇರೆ. ಪಾಳು ಬಿದ್ದಿದ್ದಾಗ ಯಾರಿಗೂ ಬೇಡವಾಗಿದ್ದ ಜಾಗ ಈಗ ಕಣ್ಣಿಗೆ ಬೀಳುತ್ತಿದೆ. ಅಲ್ಲೊಂದು ಕಾರಂಜಿ ಮಾಡಿ, ಪೇವರ್ ಹಾಸಿ, ಸೆಲ್ಫಿ ಪಾಯಿಂಟ್ ಮಾಡಿಸಿಕೊಡುತ್ತೇವೆ ಅನ್ನುವವರು ಬರುತ್ತಿದ್ದಾರೆ. ಪ್ರಾಯೋಜಕರ ಹೆಸರಿನ ಬೋರ್ಡು ಬಂದರೆ ಬೇಲಿಯೂ ಬರುತ್ತದೆ. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಜನ ಸೇರಿ ಪಾಳು ಸೈಟುಗಳಲ್ಲಿ ತೋಟ ಮಾಡಿದರು. ಸುತ್ತಲಿನ ಜಾಗಕ್ಕೆ ಬೆಲೆ ಬಂದ ಮೇಲೆ, 1999ರಲ್ಲಿ, ನಗರದ ಆಡಳಿತ ಅಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಟ್ಟಿತು. ಕಡೇ ಗಳಿಗೆಯಲ್ಲಿ ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಕೊಂಡು ಉಳಿಸಿದವು. ನಮ್ಮ ಜಾಗ ಯಾರೂ ಕೊಳ್ಳುವಂಥದ್ದಲ್ಲ, ಮಾರುವಂಥದ್ದೂ ಅಲ್ಲ. ಕರ್ನಾಟಕದಲ್ಲಿ ಪಾರ್ಕು, ಆಟದ ಮೈದಾನ, ಖಾಲಿ ಜಾಗಗಳನ್ನು ಕಾಪಾಡಲಿಕ್ಕೆಂದೇ 1985ರ ಕಾಯ್ದೆ ಇದೆ. ಆದರೆ ಕಾಯ್ದೆ ಕಾಪಾಡುವುದು ಜಾಗವನ್ನು. ಅಲ್ಲಿರುವ ಪುಂಡಿಯನ್ನಲ್ಲ.

ಕಾಗದ ಒಂದು ಬೇಕು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮರುವರ್ಷವೇ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಕೆರೆ ನೋಡಿಕೊಳ್ಳುವ ಹೊಣೆ ಪಡೆದರು. ನಮಗೂ ಅಂಥದ್ದೇ ಒಂದು ಸಣ್ಣ ಕಾಗದ ಸಾಕು. ಮಾಲೀಕತ್ವ ಬೇಡ, ನೋಡಿಕೊಳ್ಳುವ ಹೊಣೆ, ಬೇಲಿ ಹಾಕುವುದಿಲ್ಲ ಅನ್ನುವ ಮಾತಿನ ಸಮೇತ. ಇದ್ದ ಒಂದು ಪಾಲಿಕೆ ಈಗ ಐದಾಗಿರುವುದರಿಂದ ಅರ್ಜಿಯನ್ನು ಮತ್ತೆ ಹೊಸದಾಗಿ ಬರೆಯುತ್ತಿದ್ದೇವೆ. ಅರ್ಜಿಯ ಕೆಳಗೆ ಸಹಿ ಹಾಕುವವರಲ್ಲಿ ಗಾಡಿ ಅಂಗಡಿಯವರೂ, ಶೆಡ್ಡಿನವರೂ ಇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಅವರಿಗೆ ಇಲ್ಲಿನ ವಿಳಾಸ ಇಲ್ಲವಲ್ಲ ಅಂತ ಕಾರ್ಯದರ್ಶಿಗಳ ತಕರಾರು. ಮುಂದಿನ ಭಾನುವಾರದ ಸಭೆಯಲ್ಲಿ ಇದೇ ಮೊದಲ ವಿಷಯ. ಎರಡನೆಯದು, ಏಪ್ರಿಲ್ ರಜೆಗೆ ಅರ್ಧ ಅಪಾರ್ಟ್‌ಮೆಂಟ್ ಊರಿಗೆ ಹೋದಾಗ ಬಕೆಟ್ ಹೊರುವವರು ಯಾರು ಅನ್ನುವುದು. ಆ ಪಟ್ಟಿಯಲ್ಲಿ ಸದ್ಯಕ್ಕೆ ನನ್ನ ಹೆಸರು, ಮಂಡ್ಯದ ಯಜಮಾನರ ಹೆಸರು ಎರಡೇ ಇವೆ.